ಚಾಟಿ ಹಿಡಿದ ಕೈ, ಸ್ವಾತಂತ್ರ್ಯದ ಬಾಯಿ

ಒಬ್ಬ ಮನುಷ್ಯ ಇನ್ನೊಬ್ಬನ ಕುತ್ತಿಗೆ ಮೇಲೆ ಕಾಲಿಟ್ಟು ನಿಂತಿದ್ದಾನೆ. ಅವನ ಕುತ್ತಿಗೆ ಮೇಲೆ ಮೂರನೆಯವನೊಬ್ಬನ ಕಾಲಿದೆ. ನಡುವಿನವನು, 'ನನ್ನ ಮೇಲಿನ ಕಾಲು ತೆಗೀರಿ, ನಾನೂ ಮನುಷ್ಯ' ಅಂತ ಕೂಗುತ್ತಾನೆ. ಈ ಕೂಗು ನ್ಯಾಯವೋ ಅನ್ಯಾಯವೋ? ಅವನ ಕುತ್ತಿಗೆ ಮೇಲೆ ಕಾಲಿರೋದು ಸುಳ್ಳಲ್ಲ. ಅವನ ಕಾಲಡಿ ಒಬ್ಬನಿರೋದೂ ಸುಳ್ಳಲ್ಲ. ಲೋಕದ ಬಹುಪಾಲು ಸ್ವಾತಂತ್ರ್ಯ ಸಂಗ್ರಾಮಗಳು ಈ ಮೂವರ ಕಥೆಯೇ. ಆದರೆ ಚರಿತ್ರೆ ಬರೆಯುವ ಲೇಖನಿ ಹೆಚ್ಚಾಗಿ ನಡುವಿನವನ ಕೈಯಲ್ಲಿರುತ್ತೆ. ಹಾಗಾಗಿ ನಮಗೆ ಮೇಲಿನವನ ಕ್ರೌರ್ಯ ಗೊತ್ತು, ನಡುವಿನವನ ಶೌರ್ಯ ಗೊತ್ತು. ಅಡಿಯಲ್ಲಿದ್ದವನು ಆವತ್ತು ಏನಂದ ಅನ್ನೋದನ್ನ ಮಾತ್ರ ನಾವೇ ಹುಡುಕಿಕೊಳ್ಳಬೇಕು.

ಅಮೆರಿಕದ ಸ್ವಾತಂತ್ರ್ಯ ಸಮರವನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಬ್ರಿಟಿಷರು ತೆರಿಗೆ ಹಾಕಿದರು, ಬಾಸ್ಟನ್ ಬಂದರಿನಲ್ಲಿ ಟೀ ಪೆಟ್ಟಿಗೆಗಳನ್ನು ನೀರಿಗೆಸೆದರು, 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯಾಯಿತು, ವಾಷಿಂಗ್ಟನ್ ಗೆದ್ದ. ನಾಲ್ಕು ವಾಕ್ಯದಲ್ಲಿ ಪಾಠ ಮುಗೀತು, ಐದು ಅಂಕ ಬಂತು. ಈ ನಾಲ್ಕು ವಾಕ್ಯದ ಒಳಗೆ ಎಷ್ಟು ಜನ ಉಸಿರುಗಟ್ಟಿ ಕೂತಿದ್ದಾರೆ ಅಂತ ಮೇಷ್ಟ್ರು ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ.

ಮೊದಲು ಕಾರಣಗಳನ್ನು ನೋಡೋಣ. ವಿರೋಧಿಗೂ ನ್ಯಾಯ ಸಲ್ಲಿಸಿಯೇ ಮಾತಾಡಬೇಕು. ಇಂಗ್ಲೆಂಡು 1756ರಿಂದ 1763ರವರೆಗೆ ಫ್ರಾನ್ಸಿನ ಜೊತೆ ಏಳು ವರ್ಷ ಯುದ್ಧ ಮಾಡಿತು. ಯೂರೋಪಿನಲ್ಲಿ, ಅಮೆರಿಕದ ಕಾಡುಗಳಲ್ಲಿ, ನಮ್ಮ ಬಂಗಾಳದಲ್ಲಿ, ಮದ್ರಾಸಿನ ಕರಾವಳಿಯಲ್ಲಿ ಕಾದಾಡಿತು. ಗೆದ್ದಿತು ನಿಜ, ಆದರೆ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸಾಲ ತೀರಿಸೋರು ಯಾರು? ಲಂಡನ್ನಿನ ಮಂತ್ರಿಗಳು ಸಮುದ್ರದಾಚೆ ಕಣ್ಣು ಹಾಯಿಸಿದರು. 1764ರಲ್ಲಿ ಸಕ್ಕರೆ ಕಾಯಿದೆ ಬಂತು. 1765ರಲ್ಲಿ ಸ್ಟಾಂಪ್ ಕಾಯಿದೆ ಬಂತು. ಪತ್ರಿಕೆಗೆ, ಕರಾರು ಪತ್ರಕ್ಕೆ, ಕೋರ್ಟಿನ ಕಾಗದಕ್ಕೆ, ಕೊನೆಗೆ ಇಸ್ಪೀಟು ಎಲೆಗೂ ಮುದ್ರೆ ಬೀಳಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಈ ಕಾಯಿದೆ ಯಾರ ಬುಡಕ್ಕೆ ಬಂತು ಅಂತ ಗಮನಿಸಬೇಕು. ವಕೀಲರು, ವ್ಯಾಪಾರಿಗಳು, ಪತ್ರಿಕೆ ಅಚ್ಚು ಹಾಕೋರು. ಅಂದರೆ ಬಾಯಿದ್ದವರು, ಲೇಖನಿ ಇದ್ದವರು. ಲೇಖನಿಯ ಮೇಲೇ ತೆರಿಗೆ ಹಾಕಿದರೆ ಲೇಖನಿ ಸುಮ್ಮನಿರುತ್ತದೆಯೇ?

ಆ ತೆರಿಗೆ ದೊಡ್ಡದೇನಾಗಿರಲಿಲ್ಲ. ಇಂಗ್ಲೆಂಡಿನೊಳಗಿನ ಜನ ಅದಕ್ಕಿಂತ ಎಷ್ಟೋ ಹೆಚ್ಚು ತೆರಿಗೆ ಕಟ್ಟುತ್ತಿದ್ದರು. ಆದರೆ ವಸಾಹತುಗಳ ಜನ ಎತ್ತಿದ ಪ್ರಶ್ನೆ ಬೇರೆ. ಪಾರ್ಲಿಮೆಂಟಿನಲ್ಲಿ ನಮ್ಮವನು ಒಬ್ಬನೂ ಇಲ್ಲ, ನಮ್ಮನ್ನು ಕೇಳದೆ ನಮ್ಮ ಜೇಬಿಗೆ ಕೈ ಹಾಕೋ ಅಧಿಕಾರ ನಿಮಗೆ ಕೊಟ್ಟವರು ಯಾರು? ಇದಕ್ಕೆ ಲಂಡನ್ನು ಕೊಟ್ಟ ಉತ್ತರ ನಮ್ಮ ಕಿವಿಗೆ ಬಹಳ ಪರಿಚಿತವಾದದ್ದು. ಪಾರ್ಲಿಮೆಂಟಿನ ಸದಸ್ಯರು ತಮಗೆ ಓಟು ಹಾಕಿದವರ ಪ್ರತಿನಿಧಿಗಳಷ್ಟೇ ಅಲ್ಲವಂತೆ, ಎಲ್ಲೆಲ್ಲಿ ಬ್ರಿಟಿಷ್ ಪ್ರಜೆಗಳಿದ್ದಾರೋ ಅವರೆಲ್ಲರ ಪ್ರತಿನಿಧಿಗಳಂತೆ. ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ಸೀಟಿಲ್ಲ, ಅವು ಸುಮ್ಮನಿಲ್ಲವೇ, ನೀವೂ ಸುಮ್ಮನಿರಿ ಅನ್ನೋದು ಆ ವಾದ. 'ನಿನ್ನ ಹಿತ ನನಗೆ ಗೊತ್ತು, ನೀನು ಬರೋದು ಬೇಡ, ನಿನ್ನ ಪರವಾಗಿ ನಾನೇ ಮಾತಾಡ್ತೀನಿ' ಅನ್ನುವ ಈ ವಾದವನ್ನು ವಸಾಹತುಗಳ ಜನ ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ಸರಿ. ಇಷ್ಟರ ಮಟ್ಟಿಗೆ ನಾವು ಅವರ ಜೊತೆ.

1766ರಲ್ಲಿ ಸ್ಟಾಂಪ್ ಕಾಯಿದೆ ರದ್ದಾಯಿತು. ಆದರೆ ಅದೇ ದಿನ ಪಾರ್ಲಿಮೆಂಟು, ವಸಾಹತುಗಳಿಗೆ ಸಂಬಂಧಿಸಿ ಯಾವ ಕಾಯಿದೆ ಬೇಕಾದರೂ ಮಾಡುವ ಹಕ್ಕು ತನಗಿದೆ ಅಂತ ಇನ್ನೊಂದು ಕಾಯಿದೆ ಮಾಡಿಕೊಂಡಿತು. ಹೊಡೆಯೋದು ನಿಲ್ಲಿಸ್ತೀನಿ, ಹೊಡೆಯೋ ಹಕ್ಕು ಬಿಡೋದಿಲ್ಲ ಅಂದ ಹಾಗೆ. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಸುಂಕ ಬಂತು. 1768ರಲ್ಲಿ ಬಾಸ್ಟನ್ನಿಗೆ ಸೈನ್ಯ ಬಂದಿಳಿಯಿತು. 1770ರ ಮಾರ್ಚ್ 5ರಂದು ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿ ಐವರು ಸತ್ತರು. ಸತ್ತವರಲ್ಲಿ ಮೊದಲಿಗ ಅಂತ ನೆನೆಯುವ ಕ್ರಿಸ್ಪಸ್ ಅಟಕ್ಸ್ ಹಡಗಿನಲ್ಲಿ ದುಡಿಯುತ್ತಿದ್ದವನು. ಆಫ್ರಿಕದ ರಕ್ತವೂ ಅಮೆರಿಕದ ಮೂಲನಿವಾಸಿಗಳ ರಕ್ತವೂ ಸೇರಿದ ಮೈ ಅವನದು. ಆ ಸೈನಿಕರ ಪರವಾಗಿ ಕೋರ್ಟಿನಲ್ಲಿ ವಾದ ಮಾಡಿದವನು ಜಾನ್ ಆಡಮ್ಸ್, ಮುಂದೆ ಆ ದೇಶದ ಎರಡನೇ ಅಧ್ಯಕ್ಷನಾದವನು. ಗುಂಪಿನಲ್ಲಿದ್ದವರು ಪೋಲಿ ಹುಡುಗರು, ಕರಿಯರು, ಐರಿಷ್ ಕೂಲಿಗಳು, ಪರದೇಶಿ ಖಲಾಸಿಗಳು ಅನ್ನೋದೇ ಅವನ ವಾದದ ಒಂದು ತಿರುಳಾಗಿತ್ತು. ಸ್ವಾತಂತ್ರ್ಯಕ್ಕಾಗಿ ಮೊದಲು ಸತ್ತವರು ಯಾರು, ಆಮೇಲೆ ಆಳಿದವರು ಯಾರು ಅಂತ ಇದೊಂದರಲ್ಲೇ ತಿಳಿಯುತ್ತೆ.

ಈಗ ಆ ಕಾಲದ ಕರಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದದ ಬಗ್ಗೆ ಮಾತಾಡಬೇಕು. ಗುಲಾಮಗಿರಿ. ಒಪ್ಪಿಗೆಯಿಲ್ಲದೆ ತೆರಿಗೆ ಕೊಡೋನು ಗುಲಾಮ, ನಮ್ಮನ್ನು ಗುಲಾಮರನ್ನಾಗಿ ಮಾಡೋ ಹುನ್ನಾರ ನಡೆದಿದೆ, ಹೀಗೆ. ಬರೆದವರು ಯಾರು? 1774ರಲ್ಲಿ ಜಾರ್ಜ್ ವಾಷಿಂಗ್ಟನ್ ಗೆಳೆಯನಿಗೊಂದು ಕಾಗದ ಬರೆದ. ಈಗಲೇ ಹಕ್ಕಿಗಾಗಿ ನಿಲ್ಲದಿದ್ದರೆ ನಾವು ಮನಬಂದಂತೆ ಆಳುತ್ತಿರುವ ಕರಿಯರ ಹಾಗೆಯೇ ನಾವೂ ಪಳಗಿದ ಗುಲಾಮರಾಗಿಬಿಡುತ್ತೇವೆ ಅನ್ನೋದು ಆ ಕಾಗದದ ಸಾರ. ಓದಿದಾಗ ಮೈ ಜುಮ್ಮೆನ್ನುತ್ತದೆ. ಈ ಮನುಷ್ಯನಿಗೆ ಎಲ್ಲಾ ಗೊತ್ತಿತ್ತು! ಗುಲಾಮಗಿರಿ ಅಂದರೆ ಏನು ಅಂತ ಅವನಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ, ಕಿಟಕಿಯಿಂದಾಚೆ ನೋಡಿದರೆ ಸಾಕಿತ್ತು. ತಾನು ಹೊಡೆದಾಗ ಏನಾಗುತ್ತದೆ ಅನ್ನೋದನ್ನು ಕಣ್ಣಾರೆ ಕಂಡವನಿಗೇ ಇನ್ನೊಬ್ಬ ಹೊಡೆದಾನೆಂಬ ಭಯ ಹೆಚ್ಚು. ಸ್ವಾತಂತ್ರ್ಯದ ಬೆಲೆ ಗುಲಾಮರ ಒಡೆಯನಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಇದೇ ಕಾರಣಕ್ಕೆ.

ಪ್ಯಾಟ್ರಿಕ್ ಹೆನ್ರಿಯ ಕಥೆಯೂ ಹೀಗೇ. ಸ್ವಾತಂತ್ರ್ಯ ಇಲ್ಲವೇ ಸಾವು ಅಂತ 1775ರಲ್ಲಿ ಗುಡುಗಿದವನೆಂದು ಅವನನ್ನು ಹೊಗಳುತ್ತಾರೆ. ಅದಕ್ಕೆ ಎರಡು ವರ್ಷ ಮುಂಚೆ ಅವನೊಂದು ಕಾಗದದಲ್ಲಿ ತನ್ನ ಮನೆಯ ಗುಲಾಮರ ಬಗ್ಗೆ ಬರೆದಿದ್ದ. ಇದು ತಪ್ಪು ಅಂತ ಒಪ್ಪಿಕೊಂಡ. ಆದರೆ ಅವರಿಲ್ಲದೆ ಇಲ್ಲಿ ಬದುಕೋದು ಅನಾನುಕೂಲ ಅಂದ. ಅನಾನುಕೂಲ! ಜಾತಿ ತಪ್ಪು ಅಂತ ಒಪ್ಪುವ, ಬಿಡೋದು ಮಾತ್ರ ಸದ್ಯಕ್ಕೆ ಕಷ್ಟ ಅನ್ನುವ ಸಜ್ಜನರನ್ನು ನಾವು ಊರೂರಲ್ಲಿ ಕಂಡಿದ್ದೇವೆ. ದುಷ್ಟನ ಜೊತೆ ಜಗಳವಾದರೂ ಆಡಬಹುದು, ಈ ಸಜ್ಜನರ ಜೊತೆ ಜಗಳವೂ ಆಗೋದಿಲ್ಲ.

1775ರ ಹೊತ್ತಿಗೆ ಆ ಹದಿಮೂರು ವಸಾಹತುಗಳಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಅವರಲ್ಲಿ ಸುಮಾರು 5 ಲಕ್ಷ ಜನ ಗುಲಾಮರು. ಐವರಲ್ಲಿ ಒಬ್ಬ. ದಕ್ಷಿಣದ ಹೊಗೆಸೊಪ್ಪು, ಬತ್ತ, ನೀಲಿ ಅವರ ಬೆವರಿನ ಬೆಳೆ. ಉತ್ತರದ ವ್ಯಾಪಾರಿಗಳೂ ಕೈ ತೊಳೆದುಕೊಂಡವರಲ್ಲ. ವೆಸ್ಟ್ ಇಂಡೀಸಿನಲ್ಲಿ ಗುಲಾಮರು ಅರೆದ ಕಬ್ಬಿನ ಕಾಕಂಬಿ ನ್ಯೂ ಇಂಗ್ಲೆಂಡಿಗೆ ಬರುತ್ತಿತ್ತು, ಅಲ್ಲಿ ರಮ್ ಆಗುತ್ತಿತ್ತು, ಆ ರಮ್ ಹಡಗೇರಿ ಆಫ್ರಿಕಕ್ಕೆ ಹೋಗಿ ಮತ್ತಷ್ಟು ಗುಲಾಮರನ್ನು ಕೊಳ್ಳುತ್ತಿತ್ತು. ಸಕ್ಕರೆ ಕಾಯಿದೆ ಮುಟ್ಟಿದ್ದು ಈ ಕಾಕಂಬಿಯನ್ನೇ. ಅಂದಮೇಲೆ ಯಾವುದರ ಮೇಲಿನ ಸುಂಕ ಅವರನ್ನು ಕೆರಳಿಸಿತು ಅಂತ ಬಿಡಿಸಿ ಹೇಳಬೇಕೆ?

ಅಡಿಯಲ್ಲಿದ್ದವನು ಏನಂದ ಅಂತ ಮೊದಲೇ ಕೇಳಿದೆವಲ್ಲ, ಅದಕ್ಕೊಂದು ಉತ್ತರ ಇಲ್ಲಿದೆ. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ 1765ರಲ್ಲಿ ಬಿಳಿಯರು ಸ್ಟಾಂಪ್ ಕಾಯಿದೆ ವಿರುದ್ಧ 'ಸ್ವಾತಂತ್ರ್ಯ' ಅಂತ ಬೀದಿಬೀದಿ ಕೂಗಿ ನಡೆದರು. ಗುಲಾಮರು ಕೇಳಿಸಿಕೊಂಡರು. ಅವರಿಗೂ ಕಿವಿಯಿತ್ತಲ್ಲ! 1766ರ ಜನವರಿಯಲ್ಲಿ ಕೆಲವು ಗುಲಾಮರು ಅದೇ ಬೀದಿಯಲ್ಲಿ ಅದೇ ಪದವನ್ನು ಕೂಗಿದರು. ಕೈಯಲ್ಲಿ ಕೋವಿ ಇರಲಿಲ್ಲ, ಬಾಯಲ್ಲಿ ಒಂದು ಪದ, ಅಷ್ಟೆ. ಪಟ್ಟಣ ನಡುಗಿಹೋಯಿತು. ಒಂದು ವಾರ ಬಿಳಿಯರೆಲ್ಲ ಆಯುಧ ಹಿಡಿದು ಕಾವಲು ನಿಂತರು. ಇದನ್ನು ಬರೆದಿಟ್ಟವನು ಹೆನ್ರಿ ಲಾರೆನ್ಸ್ ಎಂಬ ವ್ಯಾಪಾರಿ, ಗುಲಾಮರನ್ನು ಮಾರಿಯೇ ಶ್ರೀಮಂತನಾದವನು. ಹನ್ನೊಂದು ವರ್ಷದ ಮೇಲೆ ಅವನೇ ಬಂಡೆದ್ದ ವಸಾಹತುಗಳ ಮಹಾಸಭೆಗೆ ಅಧ್ಯಕ್ಷನಾದ. ಒಂದೇ ಪದ, ಒಂದೇ ಬೀದಿ. ಒಡೆಯ ಕೂಗಿದರೆ ದೇಶಭಕ್ತಿ, ಆಳು ಕೂಗಿದರೆ ದಂಗೆ.

ಟೀ ವಿಚಾರಕ್ಕೆ ಬರೋಣ. ಇಲ್ಲಿ ನಮ್ಮ ನೆಲದ ಹೆಣಗಳೂ ಇವೆ. 1765ರ ಮಾರ್ಚಿನಲ್ಲಿ ಸ್ಟಾಂಪ್ ಕಾಯಿದೆ ಆಯಿತು. ಅದೇ ವರ್ಷ ಆಗಸ್ಟಿನಲ್ಲಿ ಅಲಹಾಬಾದಿನಲ್ಲಿ ಮೊಗಲ್ ಬಾದಷಹ ಷಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಅಂದರೆ ರೈತರಿಂದ ಕಂದಾಯ ಎತ್ತುವ ಹಕ್ಕು ಕಂಪನಿಗೆ ಸಿಕ್ಕಿತು. 1767ರಿಂದ ಬ್ರಿಟಿಷ್ ಸರ್ಕಾರ ಆ ಕಂಪನಿಯಿಂದ ವರ್ಷಕ್ಕೆ 4 ಲಕ್ಷ ಪೌಂಡು ತನ್ನ ಪಾಲು ಅಂತ ವಸೂಲಿ ಮಾಡತೊಡಗಿತು. ಯುದ್ಧದ ಸಾಲ ಹೊತ್ತ ಒಂದೇ ಖಜಾನೆ ಎರಡು ಕೈ ಚಾಚಿತ್ತು. ಪಶ್ಚಿಮಕ್ಕೆ ಚಾಚಿದ ಕೈಗೆ ಏಟು ಬಿತ್ತು. ಪೂರ್ವಕ್ಕೆ ಚಾಚಿದ ಕೈ ಗಂಟಲಿಗೇ ಬಂತು. 1769-70ರಲ್ಲಿ ಬಂಗಾಳದಲ್ಲಿ ಮಳೆ ಕೈಕೊಟ್ಟು ಬರ ಬಿತ್ತು. ಮೂರರಲ್ಲೊಂದು ಪಾಲು ಜನ ಸತ್ತರೆಂದು ವಾರನ್ ಹೇಸ್ಟಿಂಗ್ಸ್ 1772ರಲ್ಲಿ ತಾನೇ ಲಂಡನ್ನಿಗೆ ಬರೆದ. ಅದೇ ಕಾಗದದಲ್ಲಿ, 1771ರ ಕಂದಾಯ ಬರಕ್ಕಿಂತ ಮುಂಚಿನ 1768ರ ಕಂದಾಯವನ್ನೂ ಮೀರಿಸಿತು ಅಂತಲೂ ಬರೆದ. ಸತ್ತವರ ಪಾಲಿನ ಕಂದಾಯವನ್ನು ಬದುಕಿದವರಿಂದ ಹಿಂಡಿದ್ದರು.

ಇಷ್ಟು ಹಿಂಡಿಯೂ ಕಂಪನಿ ದಿವಾಳಿಯ ಅಂಚಿಗೆ ಬಂತು. ಲಂಡನ್ನಿನ ಉಗ್ರಾಣಗಳಲ್ಲಿ ಚೀನಾದಿಂದ ತಂದ ಟೀ ಸುಮಾರು ಒಂದು ಕೋಟಿ ಎಪ್ಪತ್ತು ಲಕ್ಷ ಪೌಂಡು ತೂಕದಷ್ಟು ಕೊಳೆಯುತ್ತಾ ಬಿದ್ದಿತ್ತು. ಕಂಪನಿಯನ್ನು ಉಳಿಸಲು ಸರ್ಕಾರ ಸಾಲ ಕೊಟ್ಟಿತು, 1773ರಲ್ಲಿ ಟೀ ಕಾಯಿದೆ ಮಾಡಿತು. ಕಂಪನಿ ನೇರವಾಗಿ ಅಮೆರಿಕದಲ್ಲಿ ಟೀ ಮಾರಬಹುದು, ಬೆಲೆಯೂ ಅಗ್ಗ, ಪೌಂಡಿಗೆ ಮೂರು ಪೆನ್ಸ್ ಸುಂಕ ಮಾತ್ರ ಹಾಗೇ ಇರುತ್ತೆ. ಅಗ್ಗದ ಟೀ ತಿರಸ್ಕರಿಸಿದರು ಅನ್ನೋದು ಅವರ ಹೆಮ್ಮೆ. ಕಳ್ಳಸಾಗಣೆಯ ಟೀ ಮಾರಿ ಬದುಕುತ್ತಿದ್ದ ವ್ಯಾಪಾರಿಗಳ ಹೊಟ್ಟೆಗೆ ಏಟು ಬಿತ್ತು ಅನ್ನೋದೂ ಅಷ್ಟೇ ನಿಜ. ತತ್ವ ಮತ್ತು ಲಾಭ ಒಂದೇ ದಾರಿಯಲ್ಲಿ ಸಿಕ್ಕಿದಾಗ ಮನುಷ್ಯ ಬಹಳ ಧೈರ್ಯವಂತನಾಗುತ್ತಾನೆ. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಿಂದ 342 ಪೆಟ್ಟಿಗೆ ಟೀ ಬಾಸ್ಟನ್ನಿನ ಕಡಲಿಗೆ ಬಿತ್ತು.

ಆ ವರ್ಷ ಜಾನ್ ಡಿಕಿನ್ಸನ್ ಎಂಬ ನಾಯಕ ಕಂಪನಿಯ ವಿರುದ್ಧ ಒಂದು ಕರಪತ್ರ ಬರೆದ. ಏಷ್ಯಾದಲ್ಲಿ ಈ ಕಂಪನಿ ಒಂದೇ ವರ್ಷದಲ್ಲಿ ಲಕ್ಷಗಟ್ಟಲೆ ಜನರನ್ನು ಹಸಿವಿನಿಂದ ಕೊಂದಿದೆ, ಭೂಮಿ ಬೆಳೆ ಕೊಡದೆ ಅಲ್ಲ, ಕಂಪನಿಯವರು ಧಾನ್ಯವನ್ನು ಮುತ್ತಿಟ್ಟುಕೊಂಡದ್ದರಿಂದ, ಈಗ ಅದರ ಕಣ್ಣು ನಮ್ಮ ಮೇಲೆ ಬಿದ್ದಿದೆ ಅಂತ ಎಚ್ಚರಿಸಿದ. ಹೀಗೆ ನಮ್ಮವರ ಸಾವು ಅವರ ಹೋರಾಟದ ಒಂದು ಕಾರಣವಾಯಿತು. ನೋಡದ ಊರಿನ ಹಸಿದವನಿಗಾಗಿ ಮಿಡಿದ ಹೃದಯ ದೊಡ್ಡದೇ. ಆದರೆ ಡಿಕಿನ್ಸನ್ನನ ಸ್ವಂತ ಹೊಲದಲ್ಲಿ ಆವತ್ತು ಗುಲಾಮರು ದುಡಿಯುತ್ತಿದ್ದರು. ಅವರಿಗೆ ಅವನು 1777ರಲ್ಲಿ ಷರತ್ತಿನ ಮೇಲೆ, 1786ರಲ್ಲಿ ಷರತ್ತಿಲ್ಲದೆ ಬಿಡುಗಡೆ ಕೊಟ್ಟ. ಇದನ್ನೂ ಅವನ ಲೆಕ್ಕಕ್ಕೆ ಜಮೆ ಮಾಡಲೇಬೇಕು. ಬರೆದ ಮಾತು ಬರೆದವನನ್ನೇ ಅಟ್ಟಿಸಿಕೊಂಡು ಬಂದು ಹಿಡಿದ ಅಪರೂಪದ ಉದಾಹರಣೆ ಅದು. ವಾಷಿಂಗ್ಟನ್ನನ ಸೇನೆಗೆ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್ ಹನ್ನೊಂದು ವರ್ಷದಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆ ಮುಂದೆ ನಿಂತಿದ್ದ. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆ ತೆಗೆದುಕೊಂಡ. ಅಲ್ಲಿ ಮುರಿದ ಹಲ್ಲು ಇಲ್ಲಿ ಕಚ್ಚಿತು.

ಟೀ ಎಸೆಯಲು ಹೋದವರು ಮೋಹಾಕ್ ಜನರ ವೇಷ ಹಾಕಿಕೊಂಡಿದ್ದರು. ಮೋಹಾಕರು ಆ ನೆಲದ ಮೂಲನಿವಾಸಿಗಳು. ದಂಗೆಗೆ ಅವರ ವೇಷ ಬೇಕಿತ್ತು, ಬೇಸಾಯಕ್ಕೆ ಅವರ ನೆಲ ಬೇಕಿತ್ತು, ಅವರು ಮಾತ್ರ ಬೇಕಿರಲಿಲ್ಲ. ಹೋರಾಟದ ಕಾರಣಗಳಲ್ಲಿ ಶಾಲೆಯ ಪುಸ್ತಕ ಮೆಲ್ಲಗೆ ದಾಟಿಸಿಬಿಡುವ ಕಾರಣ ಇದು. 1763ರ ಅಕ್ಟೋಬರಿನಲ್ಲಿ ದೊರೆ ಮೂರನೇ ಜಾರ್ಜ್ ಒಂದು ಘೋಷಣೆ ಹೊರಡಿಸಿ, ಅಪಲಾಚಿಯನ್ ಬೆಟ್ಟಗಳ ಪಶ್ಚಿಮಕ್ಕೆ ವಲಸೆಗಾರರು ಹೋಗಿ ನೆಲೆಸಕೂಡದು ಅಂದ. ಮೂಲನಿವಾಸಿಗಳ ಮೇಲಿನ ಪ್ರೀತಿಗಲ್ಲ. ಅದೇ ವರ್ಷ ಪಾಂಟಿಯಾಕ್ ಎಂಬ ನಾಯಕನ ಜೊತೆ ಹಲವು ಬುಡಕಟ್ಟುಗಳು ದಂಗೆ ಎದ್ದಿದ್ದವು, ಗಡಿ ಕಾಯುವ ಖರ್ಚು ಉಳಿಸಬೇಕಾಗಿತ್ತು. ವರ್ಜೀನಿಯದ ಜಮೀನ್ದಾರರಿಗೆ ಈ ಗೆರೆ ಗಂಟಲ ಮುಳ್ಳಾಯಿತು. ವಾಷಿಂಗ್ಟನ್ನನೇ 1767ರಲ್ಲಿ, ಈ ಘೋಷಣೆ ಇಂಡಿಯನ್ನರನ್ನು ಸದ್ಯಕ್ಕೆ ಸಮಾಧಾನ ಮಾಡುವ ಉಪಾಯವಷ್ಟೇ, ಈಗಲೇ ಒಳ್ಳೆ ನೆಲ ಗುರುತು ಮಾಡಿ ಇಡು ಅಂತ ತನ್ನ ಸರ್ವೇಯವನಿಗೆ ಬರೆದ. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ಕಟ್ಟಕಡೆಯ ಆರೋಪ, ಅವನು ನಮ್ಮ ನಡುವೆ ದಂಗೆಗಳನ್ನು ಎಬ್ಬಿಸಿದ, ನಿರ್ದಯಿ ಇಂಡಿಯನ್ ಅನಾಗರಿಕರನ್ನು ನಮ್ಮ ಮೇಲೆ ಬಿಟ್ಟ ಅನ್ನೋದು. ಎಲ್ಲ ಮನುಷ್ಯರೂ ಸಮಾನರು ಅಂತ ಆರಂಭವಾದ ಕಾಗದದ ಬಾಲದಲ್ಲೇ ಈ ವಿಷ ಇದೆ. 1779ರಲ್ಲಿ ವಾಷಿಂಗ್ಟನ್ನನ ಅಪ್ಪಣೆಯಂತೆ ಸೇನೆ ಇರೊಕ್ವಾ ಜನರ ಊರೂರುಗಳನ್ನೇ ಸುಟ್ಟಿತು, ನಿಂತ ಜೋಳದ ಬೆಳೆಯನ್ನೂ ಬಿಡಲಿಲ್ಲ.

ಹಾಗಾದರೆ ದೊರೆ ಒಳ್ಳೆಯವನೇ? ಈ ಬಲೆಗೂ ನಾವು ಬೀಳಬಾರದು. 1772ರಲ್ಲಿ ಲಂಡನ್ನಿನ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್, ಸಾಮರ್ಸೆಟ್ ಎಂಬ ಗುಲಾಮನನ್ನು ಇಂಗ್ಲೆಂಡಿನಿಂದ ಬಲವಂತವಾಗಿ ಹಡಗಿಗೇರಿಸುವಂತಿಲ್ಲ ಅಂತ ತೀರ್ಪು ಕೊಟ್ಟ. ಸುದ್ದಿ ಅಮೆರಿಕದ ಒಡೆಯರ ಎದೆಗೆ ಚಳಿ ಹಿಡಿಸಿತು. 1775ರ ನವೆಂಬರಿನಲ್ಲಿ ವರ್ಜೀನಿಯದ ಗವರ್ನರ್ ಲಾರ್ಡ್ ಡನ್‌ಮೋರ್, ದಂಗೆಕೋರರ ಗುಲಾಮರು ಓಡಿಬಂದು ದೊರೆಯ ಪರ ಆಯುಧ ಹಿಡಿದರೆ ಅವರು ಸ್ವತಂತ್ರರು ಅಂತ ಸಾರಿದ. ಗಮನಿಸಿ, ದಂಗೆಕೋರರ ಗುಲಾಮರು ಮಾತ್ರ. ದೊರೆಗೆ ನಿಷ್ಠರಾದವರ ಗುಲಾಮರಿಗೆ, ಡನ್‌ಮೋರನ ಸ್ವಂತ ಗುಲಾಮರಿಗೆ ಈ ಕರುಣೆ ಇಲ್ಲ. 1775ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ ಎಂಬ ವಿದ್ವಾಂಸ, ಕರಿಯರನ್ನು ದುಡಿಸಿಕೊಳ್ಳುವವರ ಬಾಯಲ್ಲಿ ಸ್ವಾತಂತ್ರ್ಯದ ಅರಚಾಟ ಜೋರಾಗಿದೆಯಲ್ಲ ಅಂತ ಅಣಕಿಸಿದ. ಅಣಕ ಸರಿಯೇ. ಆದರೆ ಆವತ್ತು ಅಟ್ಲಾಂಟಿಕ್ ಕಡಲಿನಲ್ಲಿ ಗುಲಾಮರನ್ನು ತುಂಬಿಕೊಂಡು ಹೋಗುತ್ತಿದ್ದ ಹಡಗುಗಳಲ್ಲಿ ಬ್ರಿಟಿಷರದೇ ಮೇಲುಗೈ. ಮೇಲಿನವನು ನಡುವಿನವನನ್ನು ಹಣಿಯೋದಕ್ಕೆ ಅಡಿಯವನ ನೋವನ್ನು ಆಯುಧ ಮಾಡಿಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಆಯುಧವನ್ನು ಮೂಲೆಗೆಸೆಯುತ್ತಾನೆ. ಆದರೂ ಸಾವಿರಾರು ಗುಲಾಮರು ಬ್ರಿಟಿಷರ ಕಡೆ ಓಡಿದರು, ಸಾವಿರಾರು ಜನ ವಾಷಿಂಗ್ಟನ್ನನ ಸೇನೆಗೂ ಸೇರಿದರು. ಯಾರ ಕಡೆ ಬಾಗಿಲು ತೆರೆದಿತ್ತೋ ಆ ಕಡೆ ನುಗ್ಗಿದರು. ಅವರನ್ನು ದೇಶದ್ರೋಹಿಗಳು ಅನ್ನೋದಕ್ಕೆ ಮೊದಲು ಅವರಿಗೆ ದೇಶ ಅಂತ ಒಂದಿತ್ತೇ ಅಂತ ಕೇಳಬೇಕು.

ಇಲ್ಲಿಗೆ ನಮ್ಮ ಮೂಲ ಪ್ರಶ್ನೆ. ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರು ನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದವನು. ಕರಡಿನಲ್ಲಿ ಅವನು ಗುಲಾಮರ ವ್ಯಾಪಾರವನ್ನು ಖಂಡಿಸಿ, ಅದರ ಪಾಪವನ್ನು ದೊರೆಯ ತಲೆಗೆ ಕಟ್ಟಿದ್ದ. ಸೌತ್ ಕೆರೊಲಿನಾ, ಜಾರ್ಜಿಯಾದವರು ಒಪ್ಪದ ಕಾರಣ ಸಭೆ ಆ ಭಾಗವನ್ನೇ ಹೊಡೆದುಹಾಕಿತು. 1787ರ ಸಂವಿಧಾನ ಗುಲಾಮನನ್ನು ಜನಸಂಖ್ಯೆಯ ಲೆಕ್ಕಕ್ಕೆ ಐದರಲ್ಲಿ ಮೂರು ಪಾಲು ಮನುಷ್ಯ ಅಂತ ಎಣಿಸಿತು. ಅದರಿಂದ ಹೆಚ್ಚಿದ ಸೀಟುಗಳು ಒಡೆಯನಿಗೆ. ನೋಡಿ, ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಅಂದವರು ಗುಲಾಮನ ತಲೆ ಎಣಿಸಿ ತಮ್ಮ ಪ್ರಾತಿನಿಧ್ಯ ಹೆಚ್ಚಿಸಿಕೊಂಡರು! ಇಂಥವರ ಬಾಯಿಂದ ಬಂದ 'ಸಮಾನತೆ' ಎಂಬ ಪದವನ್ನು ನಾವು ಏನು ಮಾಡಬೇಕು? ಉಗಿಯಬೇಕೋ, ಎತ್ತಿಕೊಳ್ಳಬೇಕೋ?

ಎರಡು ಸುಲಭದ ಉತ್ತರಗಳಿವೆ. ಒಂದು ಪಂಡಿತರದು. 'ಕಾಲವೇ ಹಾಗಿತ್ತು, ಇವತ್ತಿನ ಅಳತೆಗೋಲಿನಿಂದ ಅವತ್ತಿನವರನ್ನು ಅಳೆಯಬಾರದು.' ನಾವು ಇದನ್ನು ಒಪ್ಪೋದಿಲ್ಲ. ಅವತ್ತಿನ ಅಳತೆಗೋಲು ಅವತ್ತೇ ಇತ್ತು. 1773ರಲ್ಲಿ ಮ್ಯಾಸಚೂಸೆಟ್ಸಿನ ಗುಲಾಮರು ಅಲ್ಲಿನ ಶಾಸನಸಭೆಗೆ ಅರ್ಜಿ ಹಾಕಿದ್ದರು. ನಿಮ್ಮನ್ನು ಗುಲಾಮರನ್ನಾಗಿಸಬಾರದು ಅಂತ ಹೋರಾಡುವ ನೀವು ನಮ್ಮ ಮಾತನ್ನೂ ಕೇಳುತ್ತೀರೆಂದು ನಂಬಿದ್ದೇವೆ ಅನ್ನೋ ಧಾಟಿ ಅದರಲ್ಲಿತ್ತು. 1776ರಲ್ಲಿ ಫಿಲಡೆಲ್ಫಿಯದ ಕ್ವೇಕರ್ ಪಂಥದವರು ಗುಲಾಮರನ್ನು ಇಟ್ಟುಕೊಂಡವನು ನಮ್ಮ ಪಂಥದಲ್ಲಿರಕೂಡದು ಅಂದರು. ಕಾಲ ಯಾವಾಗಲೂ ಒಂದೇ ಬಾಯಲ್ಲಿ ಮಾತಾಡೋದಿಲ್ಲ. 'ಕಾಲವೇ ಹಾಗಿತ್ತು' ಅನ್ನೋರು ಒಡೆಯರ ಕಾಲವನ್ನು ಮಾತ್ರ ಕಾಲ ಅಂತ ಲೆಕ್ಕ ಹಿಡಿಯುತ್ತಾರೆ. ಗುಲಾಮ ಬದುಕಿದ್ದೂ ಅದೇ ಕಾಲದಲ್ಲಿ. ಗುಲಾಮಗಿರಿ ತಪ್ಪು ಅಂತ ಅವನಿಗೆ ಯಾವ ಶತಮಾನದಲ್ಲೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಸುಲಭದ ಉತ್ತರ ನಮ್ಮ ಕೆಲವು ಬಿಸಿರಕ್ತದ ಗೆಳೆಯರದು. 'ಇದೆಲ್ಲ ಕಳ್ಳರ ಮಾತು, ಬೂರ್ಜ್ವಾಗಳ ಬೂಟಾಟಿಕೆ, ಸುಟ್ಟುಹಾಕಿ.' ಈ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಮ್ಯಾಸಚೂಸೆಟ್ಸಿನ ಶೆಫೀಲ್ಡ್ ಎಂಬ ಊರಿನ ಬೆಟ್ ಎಂಬ ಹೆಣ್ಣುಮಗಳನ್ನು ಕೇಳೋಣ. ಅವಳು ಜಾನ್ ಆಶ್ಲಿ ಎಂಬ ಕರ್ನಲ್ಲನ ಮನೆಯ ಗುಲಾಮಳು. 1773ರಲ್ಲಿ ಊರ ದೊಡ್ಡವರು ಅದೇ ಮನೆಯಲ್ಲಿ ಕೂತು, ಮನುಷ್ಯರು ಹುಟ್ಟಿನಿಂದ ಸಮಾನರು, ಸ್ವತಂತ್ರರು ಅಂತ ನಿರ್ಣಯ ಬರೆದರು. ದಣಿಗಳು ಮಾತಾಡುವಾಗ ಬಡಿಸುವವರನ್ನು ಮನುಷ್ಯರೆಂದು ಎಣಿಸೋದಿಲ್ಲವಾದ್ದರಿಂದ ಮಾತು ಬಿಚ್ಚಿಯೇ ಆಡುತ್ತಾರೆ. ಅವಳು ಕೇಳಿಸಿಕೊಂಡಳು. 1780ರಲ್ಲಿ ಆ ರಾಜ್ಯದ ಸಂವಿಧಾನದಲ್ಲಿ ಅದೇ ಮಾತು ಕಾನೂನಾಯಿತು. ಓದು ಬರಹ ಬಾರದ ಬೆಟ್ 1781ರಲ್ಲಿ ಒಬ್ಬ ವಕೀಲನ ಬಳಿಗೆ ಹೋದಳು, ಕೋರ್ಟಿಗೆ ಹೋದಳು, ತನ್ನ ಒಡೆಯನ ವಿರುದ್ಧ ಗೆದ್ದಳು. ಆಮೇಲೆ ಎಲಿಜಬೆತ್ ಫ್ರೀಮನ್ ಅಂತ ಹೆಸರಿಟ್ಟುಕೊಂಡು ಸಂಬಳದ ಕೆಲಸ ಮಾಡಿ ಬದುಕಿದಳು. ಕೆಲವೇ ವರ್ಷಗಳಲ್ಲಿ ಆ ರಾಜ್ಯದಲ್ಲಿ ಗುಲಾಮಗಿರಿ ನೆಲ ಕಚ್ಚಿತು.

ಬೆಟ್ ನಮಗೆ ಕಲಿಸೋದು ಇದು. ಆ ಮಾತನ್ನು ಬರೆದವನು ಅದನ್ನು ತನಗೆ ಮಾತ್ರ ಅಂತ ಅಂದುಕೊಂಡಿದ್ದ. ಆದರೆ 'ಎಲ್ಲರೂ' ಅನ್ನೋ ಪದಕ್ಕೆ ಬೇಲಿ ಹಾಕೋದು ಕಷ್ಟ. ಒಡೆಯ ತನ್ನ ಹಕ್ಕನ್ನು ಹಕ್ಕೆಂದು ತೋರಿಸಬೇಕಾದರೆ 'ನಾನು' ಅಂದರೆ ಸಾಲದು, 'ಮನುಷ್ಯ' ಅನ್ನಲೇಬೇಕಾಗುತ್ತದೆ. ಅಲ್ಲಿ ಅವನು ಸಿಕ್ಕಿಬೀಳುತ್ತಾನೆ. ಅವನ ಬಾಯಿಂದ ಬಂತು ಅಂತ ನಾವು ಆ ಪದವನ್ನು ಉಗಿದರೆ ಲಾಭ ಅವನಿಗೇ. ಹೊಲ ಉತ್ತವರು ಯಾರು, ಬೇಲಿ ಹಾಕಿದವರು ಯಾರು ಅಂತ ನಮಗೆ ಗೊತ್ತು. ಬೇಲಿ ಹಾಕಿದವನ ಮೇಲಿನ ಸಿಟ್ಟಿಗೆ ಹೊಲಕ್ಕೇ ಬೆಂಕಿ ಇಡೋದು ರೈತನ ಬುದ್ಧಿಯಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಿರಬೇಕು. ಪದ ತಾನಾಗಿ ಕೆಳಗೆ ಇಳಿದುಬರಲಿಲ್ಲ. ಬೆಟ್ ಕೋರ್ಟಿಗೆ ಹೋಗಬೇಕಾಯಿತು. ಚಾರ್ಲ್ಸ್‌ಟನ್ನಿನವರು ಜೀವದ ಹಂಗು ತೊರೆದು ಕೂಗಬೇಕಾಯಿತು. 1852ರಲ್ಲಿ ಫ್ರೆಡರಿಕ್ ಡಗ್ಲಾಸ್, ನಿಮ್ಮ ಜುಲೈ ನಾಲ್ಕು ಗುಲಾಮನಿಗೆ ಏನು ಅಂತ ಮುಖಕ್ಕೆ ಮುಖ ಕೊಟ್ಟು ಕೇಳಬೇಕಾಯಿತು. 1861ರಿಂದ 1865ರವರೆಗೆ ರಕ್ತದ ಹೊಳೆಯೇ ಹರಿಯಬೇಕಾಯಿತು.

ಆ ರಕ್ತದ ಸುದ್ದಿ ನಮ್ಮ ನೆಲಕ್ಕೂ ಮುಟ್ಟಿತು. 1873ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ 'ಗುಲಾಮಗಿರಿ' ಬರೆದು, ಕರಿಯರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಫುಲೆ ಜುಲೈ ನಾಲ್ಕರ ಅಮೆರಿಕವನ್ನು ಆರಿಸಿಕೊಳ್ಳಲಿಲ್ಲ, ಗುಲಾಮಗಿರಿಯ ಸಂಕೋಲೆ ಮುರಿದ ಅಮೆರಿಕವನ್ನು ಆರಿಸಿಕೊಂಡರು. ಅದೇ ದೇಶದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ ಅಂಬೇಡ್ಕರ್ 1931ರಲ್ಲಿ ಲಂಡನ್ನಿನ ದುಂಡುಮೇಜಿನ ಮುಂದೆ ನಿಂತಾಗ ಎದುರಿಗೆ ಬಂದದ್ದು ಅದೇ ಹಳೇ ವಾದ. ಅಸ್ಪೃಶ್ಯರ ಪ್ರತಿನಿಧಿಯೂ ನಾನೇ ಅಂದರು ಗಾಂಧೀಜಿ. ದೇಶಕ್ಕೆ ಸ್ವರಾಜ್ಯ ಕೇಳುವವರೇ ದೇಶದೊಳಗಿನ ಒಂದು ಜನಕ್ಕೆ ಬಾಯಿ ಬೇಡ ಅಂದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೂ ಇದನ್ನೇ. ರಾಜಕೀಯದಲ್ಲಿ ಸಮಾನತೆ ಬರುತ್ತೆ, ಬದುಕಿನಲ್ಲಿ ಅಸಮಾನತೆ ಉಳಿಯುತ್ತೆ, ಈ ವೈರುಧ್ಯವನ್ನು ಬೇಗ ಕೊನೆಗಾಣಿಸದಿದ್ದರೆ ನೊಂದವರು ಇಡೀ ಕಟ್ಟಡವನ್ನೇ ಸಿಡಿಸುತ್ತಾರೆ ಅಂದರು.

ಕೊನೆಗೆ ಒಬ್ಬ ಮನುಷ್ಯನ ಹೆಸರು ನಾವೆಲ್ಲ ನೆನಪಿಡಬೇಕು. ಹ್ಯಾರಿ ವಾಷಿಂಗ್ಟನ್. ಆಫ್ರಿಕದ ಗ್ಯಾಂಬಿಯಾದಿಂದ ಹಿಡಿದು ತಂದವನು, ಜಾರ್ಜ್ ವಾಷಿಂಗ್ಟನ್ನನ ತೋಟದ ಗುಲಾಮ. ಒಡೆಯ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ, 1776ರಲ್ಲಿ, ಇವನೂ ಸ್ವಾತಂತ್ರ್ಯಕ್ಕಾಗಿ ಆ ತೋಟದಿಂದ ಓಡಿ ಬ್ರಿಟಿಷರನ್ನು ಸೇರಿಕೊಂಡ. 1783ರಲ್ಲಿ ಯುದ್ಧ ಗೆದ್ದ ವಾಷಿಂಗ್ಟನ್, ಓಡಿಹೋದ ಗುಲಾಮರನ್ನು ಹಿಂದಕ್ಕೆ ಕೊಡಿ ಅಂತ ಬ್ರಿಟಿಷ್ ಸೇನಾಪತಿಯನ್ನು ಕೇಳಿದ. ಅವನು ಕೊಡಲಿಲ್ಲ. ನ್ಯೂಯಾರ್ಕಿನಿಂದ ಹೊರಟ ಹಡಗುಗಳಲ್ಲಿ ಸುಮಾರು 3,000 ಕರಿಯರು ಹೋದರು, ಹ್ಯಾರಿಯೂ ಅವರಲ್ಲೊಬ್ಬ. ನೋವಾ ಸ್ಕೋಷಿಯಾದ ಚಳಿಯಲ್ಲಿ ಕಷ್ಟಪಟ್ಟು, 1792ರಲ್ಲಿ ಆಫ್ರಿಕದ ಸಿಯೆರಾ ಲಿಯೋನ್ ಸೇರಿದ. ಅಲ್ಲಿ ಕರಿಯರ ಉದ್ಧಾರಕ್ಕೆಂದು ಬ್ರಿಟಿಷ್ ಸಜ್ಜನರು ಕಟ್ಟಿದ ಕಂಪನಿಯ ಆಡಳಿತ. ನೆಲ ಕೊಡುತ್ತೇವೆ, ಗೇಣಿ ಇಲ್ಲ ಅಂದವರು ಆಮೇಲೆ ಗೇಣಿ ಕೇಳಿದರು. ನಮ್ಮನ್ನು ಕೇಳದೆ ನಮ್ಮ ಮೇಲೆ ಕಂದಾಯ ಹಾಕಲು ನೀವು ಯಾರು ಅಂತ 1800ರಲ್ಲಿ ಜನ ಎದ್ದರು, ತಮ್ಮದೇ ಕಟ್ಟಳೆ ಬರೆದು ಅಂಟಿಸಿದರು. ಸೈನ್ಯ ಬಂತು. ಇಬ್ಬರನ್ನು ಗಲ್ಲಿಗೇರಿಸಿದರು. ಹ್ಯಾರಿಯನ್ನು ಗಡೀಪಾರು ಮಾಡಿದರು.

ಒಡೆಯ ವಾಷಿಂಗ್ಟನ್ ಕೇಳಿದ್ದೂ ಅದೇ ಪ್ರಶ್ನೆ, ಆಳು ವಾಷಿಂಗ್ಟನ್ ಕೇಳಿದ್ದೂ ಅದೇ ಪ್ರಶ್ನೆ. ಒಬ್ಬನ ಹೆಸರಲ್ಲಿ ರಾಜಧಾನಿ ಎದ್ದಿತು. ಇನ್ನೊಬ್ಬ ಎಲ್ಲಿ ಸತ್ತ, ಯಾವಾಗ ಸತ್ತ ಅಂತ ಯಾವ ಶಾಲೆಯ ಪಾಠವೂ ಹೇಳೋದಿಲ್ಲ. ಆದರೆ ಆ ಪ್ರಶ್ನೆಯ ಪೂರ್ತಿ ಅರ್ಥ ಗೊತ್ತಿದ್ದದ್ದು ಹ್ಯಾರಿಗೆ. ಅವನ ಕಾಲ ಕೆಳಗೆ ಯಾರೂ ಇರಲಿಲ್ಲ.